ಒಗೆಯದೆ ಉಳಿದದ್ದು

ಇಲ್ಲ ತಾಯಿ, ಗುಲಾಬಿ ಇರಲಿಲ್ಲ ಅಲ್ಲಿ.
ಬೇಲಿಯುದ್ದಕ್ಕೂ ತುರಿಕೆಸೊಪ್ಪು, ಹೆಬ್ಬಾಗಿಲ ಮುಂದೆ ಕೆಸರು.
ಪ್ಯಾರಿಸಿನ ನಿಮ್ಮ ಗೆಳತಿಯರಿಗೆ ಗುಲಾಬಿಯೇ ಬೇಕೆಂದರೆ
ಬರೆದುಕೊಳ್ಳಿ, ನನಗೇನು,
ನನಗೆ ಓದು ಬಾರದು.

ನಾನು ಮ್ಯಾಥುರೀನ್. ಸಾರ್ಥ್ ಹೊಳೆಯ ಕಲ್ಲಿನ ಮೇಲೆ
ಮೂವತ್ತೊಂದು ವರ್ಷ ಮೊಣಕಾಲೂರಿದವಳು.
ಇಗರ್ಜಿಯಲ್ಲಿ ಅಷ್ಟು ಊರಿದ್ದರೆ
ಇಷ್ಟೊತ್ತಿಗೆ ಸಂತಳಾಗುತ್ತಿದ್ದೆ.

ವರ್ಷಕ್ಕೆರಡು ದೊಡ್ಡ ಒಗೆತ:
ಈಸ್ಟರ್ ಕಳೆದ ಮೇಲೊಮ್ಮೆ, ಸೇಬು ಹಿಂಡಿದ ಮೇಲೊಮ್ಮೆ.
ಕೋಟೆಮನೆಯ ಬಟ್ಟೆ ಎತ್ತಿನಗಾಡಿಯಲ್ಲಿ ಬರುತ್ತಿತ್ತು
ಹೊಡೆಯುವವರು ಯಾರೂ ಇಲ್ಲದೆ.
ಎತ್ತುಗಳಿಗೆ ದಾರಿ ಗೊತ್ತಿತ್ತು. ನಾವು ಕೇಳುತ್ತಿರಲಿಲ್ಲ.
ಮೂಟೆಯ ಗಂಟಿನಲ್ಲೇ ದುಡ್ಡು, ಲೆಕ್ಕ ತಪ್ಪದೆ.

ಮರದ ತೊಟ್ಟಿ, ಬಟ್ಟೆಯ ಮೇಲೆ ಬೂದಿ, ಬೂದಿಯ ಮೇಲೆ ಕುದಿನೀರು.
ನೋಟರಿಯ ಹೆಂಡತಿ ರಾತ್ರಿ ಅಳುವುದು,
ಪಾದ್ರಿ ಉಪವಾಸದಲ್ಲಿ ಜೇನು ನೆಕ್ಕುವುದು,
ಗಿರಣಿಯವನ ಮಗಳ ಮುಟ್ಟು ನಿಂತದ್ದು
ಮೊದಲು ತಿಳಿಯುವುದು ನಮಗೆ, ಆಮೇಲೆ ದೇವರಿಗೆ.

ಕೋಟೆಮನೆಯ ಹೊದಿಕೆಗಳಲ್ಲಿ ಕೂದಲು.
ಗೇಣುದ್ದ, ಬೂದುಬಣ್ಣ, ಬುಡದಲ್ಲಿ ಕಪ್ಪು,
ತೊಟ್ಟಿಯ ತಳದಲ್ಲಿ ಹಿಡಿಗಟ್ಟಲೆ.
ಪೆರೀನ್ ಶಿಲುಬೆಯ ಗುರುತು ಹಾಕಿಕೊಂಡಳು.
ನಾನು ಒಣಗಿಸಿ ದಿಂಬಿಗೆ ತುಂಬಿದೆ.
ಬಡವರ ಮನೆಯಲ್ಲಿ ಮಾಟವೂ ಉಪಯೋಗಕ್ಕೆ ಬರಬೇಕು.

ಒಂದು ವಸಂತದಲ್ಲಿ ಹೆಣ್ಣಿನ ಅಂಗಿಯೊಂದು ಬಂತು.
ಒರಟು ನಾರು, ಮೊಣಕೈ ಹತ್ತಿರ ಮೇಣದ ಕಲೆ.
ಬತ್ತಿ ಎರೆಯುವವನ ಮಗಳು ಅಂತ ಕಲೆ ಹೇಳಿತು.
ದಿಂಬಿನ ಚೀಲ ಉಪ್ಪುಪ್ಪು.
ಸೇಬಿನ ಹೊತ್ತಿಗೆ ಉಪ್ಪು ಕಡಿಮೆಯಾಗಿತ್ತು.
ಮೇಜುಬಟ್ಟೆಯ ಮೇಲೆ ಎರಡು ಬಟ್ಟಲಿನ ಉಂಗುರ,
ಆ ತುದಿಗೊಂದು ಈ ತುದಿಗೊಂದು;
ಮರುವರ್ಷ ಪಕ್ಕಪಕ್ಕ.
ಅವನ ತೋಳು ಒಳಗಿನಿಂದ ಉಗುರಿಗೆ ಹರಿದದ್ದು,
ಅದಕ್ಕೆ ಯಾರೋ ಹೊಲಿಗೆ ಹಾಕಿದ್ದರು, ಕೆಟ್ಟದಾಗಿ,
ಸೂಜಿ ಚುಚ್ಚಿದಲ್ಲಿ ಒಂದು ಚುಕ್ಕೆ ರಕ್ತ.
ಬಿಚ್ಚಿ ಸರಿಮಾಡಬಹುದಿತ್ತು ನಾನು.
ಮಾಡಲಿಲ್ಲ.

ಆಮೇಲೆ ಬಂದದ್ದು ಒಂದೇ ಹೊದಿಕೆ, ಅಗಲವಾದದ್ದು.
ಕೊಡವಿದೆ. ಮತ್ತೆ ಕೊಡವಿದೆ.
ಒಂದು ಕೂದಲೂ ಬೀಳಲಿಲ್ಲ.

ಊರೆಲ್ಲ ಗಂಟೆ. ಶಾಪ ಕಳೆಯಿತಂತೆ,
ಮೈ ಹಾಲಿನಂತೆ ಬಿಳಿಯಂತೆ, ಕುಣಿಯಲು ಬಲ್ಲನಂತೆ.
ಗಾಡಿಗೆ ಈಗ ಹೊಡೆಯುವವನಿದ್ದ,
ಕೂಲಿಗೆ ಚೌಕಾಸಿ ಮಾಡಿದ.

ಆ ಸಂಜೆ ಅವಳೇ ಬಂದಳು, ರೇಷ್ಮೆಯಲ್ಲಿ,
ಒದ್ದೆಕಲ್ಲಿನ ಮೇಲೆ ನನ್ನ ಪಕ್ಕ ಮೊಣಕಾಲೂರಿದಳು.
'ಹಳೆಯ ಹೊದಿಕೆ ಒಂದಾದರೂ ಉಳಿದಿದೆಯೇ?
ಒಗೆಯದೆ?'
ಎಲ್ಲ ಮಡಿ ಮಾಡಿ ಕಳಿಸಿಯಾಗಿದೆ, ಅಮ್ಮಾ.
ಅವಳು ನೀರನ್ನೇ ನೋಡಿದಳು.
'ಒಳ್ಳೆಯವನು. ತುಂಬ ಒಳ್ಳೆಯವನು.
ಈಗ ಕತ್ತಲಲ್ಲಿ ಉಸಿರು ಕೇಳಿಸುವುದಿಲ್ಲ ಅವನದು.'

ನನಗೆ ನಗು ಬರಬೇಕಿತ್ತು.
ನನ್ನ ಬ್ಲೇಜ್ ಫ್ಲಾಂಡರ್ಸಿನ ಕಾಳಗಕ್ಕೆ ಮನುಷ್ಯನಾಗಿ ಹೋದವನು;
ತಿರುಗಿ ಬಂದದ್ದು ನಾಯಿಯ ಪಕ್ಕ ಒಲೆಬುಡದಲ್ಲಿ ಮಲಗುತ್ತಿತ್ತು,
ಮಾತಿಲ್ಲ, ಮುಟ್ಟಿದರೆ ಹಲ್ಲು.
ಅವನಿಗೆ ಯಾವ ಮಾಟಗಾತಿಯೂ ಶಾಪ ಹಾಕಿರಲಿಲ್ಲ,
ರಾಜನ ಮುದ್ರೆಯ ಕಾಗದವಿತ್ತು.
ನಾಲ್ಕು ವರ್ಷ ಅವನ ಅಂಗಿ ಒಗೆದೆ.
ಒಂದು ದಿನ ಗಂಜಿಯ ಬಟ್ಟಲಿನಿಂದ ತಲೆಯೆತ್ತಿ
'ಉಪ್ಪು ಸಾಲದು' ಅಂದ.
ಅಷ್ಟೇ ನಮ್ಮನೆಯ ಪವಾಡ.

ಅವಳನ್ನು ಕರೆದುಕೊಂಡು ಹೋಗಿ ಆ ದಿಂಬು ಕೊಟ್ಟೆ.
ಎದೆಗೊತ್ತಿಕೊಂಡಳು, ಮೂಸಿದಳು;
ಏನು ಕಾಣಿಸಿತೋ ಅದರೊಳಗೆ.
ಚಿನ್ನದ ನಾಣ್ಯ ಕೊಟ್ಟಳು. ತೆಗೆದುಕೊಂಡೆ,
ಸುಳ್ಳೇಕೆ ಹೇಳಲಿ.

ಆ ರಾತ್ರಿ ಬ್ಲೇಜನಿಗೆ ದಿಂಬಿರಲಿಲ್ಲ.
ಬೈದುಕೊಂಡು ನನ್ನ ತೋಳಿನ ಮೇಲೆ ತಲೆಯಿಟ್ಟ.
ತೋಳು ಜೋಮು ಹಿಡಿಯಿತು.
ಕೋಳಿ ಕೂಗುವವರೆಗೂ ಅಲ್ಲಾಡಿಸಲಿಲ್ಲ ನಾನು.