ಒಂಟಿ ಜೋಡು

ಗಾಳದ ಕೋಲಿಗೆ ದಾರ, ದಾರದ ತುದಿಗೆ
ಹಳದಿ ಬಳಿದ ಮರದ ಜೋಡು, ಒಂದೇ ಒಂದು.
ದೋಣಿ ಹತ್ತಿರವಾದಾಗ ಇಳಿಬಿಡುತ್ತೇನೆ.
ಕೈಚಾಚಿ ಸುಂಕ ಹಾಕುತ್ತಾರೆ, ಮೂರು ಯೂರೋ.
ಆಮೇಲೆ ನನ್ನ ಸೇತುವೆ ಆಕಾಶ ನೋಡುತ್ತದೆ.

ಒಂಟಿ ಜೋಡು ಅಂತ ನಗಬೇಡಿ.
ಅದರ ಸಂಗಾತಿ ನಮ್ಮ ಮನೆಯಲ್ಲಿದೆ,
ಅಡುಗೆಮನೆಯ ಕಿಟಕಿಯಲ್ಲಿ, ಈರುಳ್ಳಿ ಬುಟ್ಟಿಯ ಪಕ್ಕ.
ಇದರಲ್ಲಿ ಬಿದ್ದದ್ದು ಪುರಸಭೆಗೆ,
ಅದರಲ್ಲಿ ಬಿದ್ದದ್ದು ಊರು ಬಿಟ್ಟು ಹೋಗುವುದಕ್ಕೆ.

ಮನೆಗೆ ಮೂವತ್ತು ವರ್ಷದ ಸಾಲ.
ಹದಿನೇಳಕ್ಕೆ ಮುಗಿಸೋಣ ಅಂದವನು ಡೌವೆ,
ಸೈಕಲ್ ರಿಪೇರಿಯವನು; ಸಡಿಲವಿದ್ದದ್ದೆಲ್ಲ ಬಿಗಿಯಬೇಕು ಅವನಿಗೆ.
ಪ್ರತಿ ಡಿಸೆಂಬರ್ ಕಂತಿನ ಮೇಲೊಂದು ಕಂತು.
ಮಿತಿ ಮೀರಿ ಕಟ್ಟಿದರೆ ಬ್ಯಾಂಕಿಗೆ ಸಿಟ್ಟು, ದಂಡ ಹಾಕುತ್ತದೆ.
ಊಟ ಮುಗಿಯುವ ಮುಂಚೆ ಏಳುವವರನ್ನು
ಯಾರು ತಾನೇ ಮೆಚ್ಚುತ್ತಾರೆ?

ಕಟ್ಟಿದ ರಾತ್ರಿ ಮಗಳು ಯಿಟ್ಸ್ಕೆ ಸೀಮೆಸುಣ್ಣ ಹಿಡಿದು
ಗೆದ್ದ ಜಾಗಕ್ಕೆ ಗೀಟು ಹಾಕುತ್ತಾಳೆ.
ಹೊಸ್ತಿಲು ನಮ್ಮದಾಯಿತು. ಒಲೆ, ಪಾತ್ರೆ ತೊಳೆಯುವ ಕಟ್ಟೆ.
ಕಳೆದ ವರ್ಷ ಮೆಟ್ಟಿಲು, ಹನ್ನೊಂದನೆಯದರ ತನಕ;
ಹನ್ನೆರಡನೆಯದು ಬ್ಯಾಂಕಿನದು, ಕಿರುಗುಟ್ಟುವುದೂ ಅದೇ.
ಬಚ್ಚಲು ಇನ್ನೂ ಅವರದು.
ಡೌವೆ ಅದರಲ್ಲಿ ಬಾಡಿಗೆಯಿಲ್ಲದೆ ಹಾಡುತ್ತಾನೆ.

ದೇಶ ಸುತ್ತಬೇಕು, ಕೋಶ ಓದಬೇಕು.
ನಾನು ಓದುವ ಕೋಶ ಬ್ಯಾಂಕಿನ ಲೆಕ್ಕದ್ದು.
ದೇಶವೋ, ಅದೇ ನನ್ನನ್ನು ಸುತ್ತಿ ಹೋಗುತ್ತದೆ:
ಬೆಳಗ್ಗೆ ಒಂಬತ್ತಕ್ಕೆ ಬೆಲ್ಜಿಯಂ, ಊಟದ ಹೊತ್ತಿಗೆ ಜರ್ಮನಿ,
ನಾಯಿಗೂ ಲೈಫ್ ಜಾಕೆಟ್ಟು ತೊಡಿಸಿದ ನಾರ್ವೆ.
ಕೈ ಬೀಸುತ್ತಾರೆ. ನಾನೂ ಬೀಸುತ್ತೇನೆ,
ಬೀಸದ ಕೈಯಲ್ಲಿ ಚೀಸು, ನಿನ್ನೆಯ ಬ್ರೆಡ್ಡು.

ಹಾಗಂತ ಹೋಗಿಯೇ ಇಲ್ಲ ಅಂತಲ್ಲ.
ಒಂದು ಬೇಸಿಗೆ ಜೋಡಿನಲ್ಲಿ ಇನ್ನೂರ ಹನ್ನೆರಡು ಯೂರೋ:
ಮೂರು ಸೈಕಲ್ಲು, ಒಂದು ಡೇರೆ, ಹಡಗು ಹತ್ತಿ ದ್ವೀಪಕ್ಕೆ.
ಹಾಸಿಗೆಯಿದ್ದಷ್ಟೇ ಕಾಲು ಚಾಚಿದೆವು;
ಉದ್ದ ಡೌವೆಯ ಪಾದ ಮಾತ್ರ ಡೇರೆಯ ಹೊರಗೆ
ಇಬ್ಬನಿಯಲ್ಲಿ ನೆನೆಯಿತು.
ಮರುವರ್ಷ ಬಾಯ್ಲರ್ ಕೆಟ್ಟಿತು. ಜೋಡು ಬೋರಲು.
ಅದರ ಮರುವರ್ಷ ಯಿಟ್ಸ್ಕೆಯ ಹಲ್ಲಿನ ತಂತಿ.

ಈ ಸೇತುವೆಯ ಹಿಂಬದಿಗೆ ಒಂದು ಭಾರವಿದೆ, ಕಬ್ಬಿಣದ್ದು.
ಅದಿರುವುದರಿಂದಲೇ ಇಷ್ಟು ದೊಡ್ಡ ಹಲಗೆಯನ್ನು
ನಾನೊಬ್ಬಳೇ ಎತ್ತಬಲ್ಲೆ.
ಆದರೆ ನೀರಿಗೆ ತೆರೆದರೆ ನೆಲಕ್ಕೆ ಮುಚ್ಚಲೇಬೇಕು.
ಹಾಲಿನ ಟ್ಯಾಂಕರು, ಅಂಚೆಯವಳು, ಹೆಸ್ಸೆಲ್‌ನ ಕುರಿಮಂದೆ ಎಲ್ಲ ಕಾಯಬೇಕು.
ಆ ನಾಲ್ಕು ನಿಮಿಷ
ನನ್ನ ಮೇಲೆ ಯಾರಿಗೂ ಪ್ರೀತಿಯಿಲ್ಲ.

ಆಗಸ್ಟಿನಲ್ಲಿ ಡೆನ್ಮಾರ್ಕಿನ ಬಾವುಟದ ದೋಣಿ ಬಂತು.
ಮನೆ ಮಾರಿ ಹೊರಟವಳಂತೆ, ಆರು ವರ್ಷವಾಯಿತಂತೆ.
ಪೋರ್ಚುಗಲ್ಲಿನ ಬಿಸಿಲಿಗೆ ಮೂಗಿನ ಸಿಪ್ಪೆ ಇನ್ನೂ ಸುಲಿಯುತ್ತಿತ್ತು.
ಸುಂಕ ಹಾಕಿದಳು, ಹೋಗಲಿಲ್ಲ.
ದಂಡೆಯತ್ತ ಬೆರಳು ಮಾಡಿ ಕೇಳಿದಳು:
“ಆ ಹಗ್ಗ ನಿಮ್ಮದೇ? ಒಂದೆರಡು ಗಂಟೆ
ನನ್ನ ಹೊದಿಕೆ ಒಣಹಾಕಲೇ?
ತೂಗದ ಹಗ್ಗಕ್ಕೆ ಬಟ್ಟೆ ಹಾಕಿ ಯಾವ ಕಾಲವಾಯಿತು!”

ಹಾಕಿದಳು. ಹುಲ್ಲಿನ ಮೇಲೆ ಕೂತು
ಒಣಗುವುದನ್ನು ಸುಮ್ಮನೆ ನೋಡಿದಳು,
ನಾನು ದೋಣಿಗಳನ್ನು ನೋಡುವ ಹಾಗೆ.
ಹಗ್ಗದ ಒಂದು ತುದಿ ನಮ್ಮ ಗೋಡೆಗೆ,
ಇನ್ನೊಂದು ಬ್ಯಾಂಕಿನ ಪೇರು ಮರಕ್ಕೆ.
ಅದನ್ನು ನಾನು ಹೇಳಲಿಲ್ಲ.

ಈಗ ಡಿಸೆಂಬರ್. ಕಾಲುವೆಯ ನೀರಿಗೆ ಹಿಮದ ಕೆನೆ, ದೋಣಿಗಳಿಲ್ಲ.
ಡೌವೆ ಮೇಜಿನ ಮೇಲೆ ಲೆಕ್ಕ ಹರಡಿದ್ದಾನೆ.
ಬಚ್ಚಲು ಪೂರ್ತಿ ಬಿಡಿಸಿಕೊಂಡರೆ ಹದಿನೇಳಕ್ಕೆ ಮುಗಿಯುತ್ತದೆ.
ಅರ್ಧ ಬಿಟ್ಟರೆ ಹದಿನೆಂಟು, ಮತ್ತು ಬೇಸಿಗೆಗೆ ಲಿಸ್ಬನ್,
ರೈಲಿನಲ್ಲಿ, ಕೂತೇ ನಿದ್ದೆ.
ಪೆನ್ಸಿಲ್ ಕಚ್ಚುತ್ತ “ಒಂದು ವರ್ಷ ಅಂದರೆ ಒಂದು ವರ್ಷ” ಅನ್ನುತ್ತಾನೆ,
ಯಾವ ಕಡೆಯಿಂದ ಎಂದು ಹೇಳುವುದಿಲ್ಲ.

ಯಿಟ್ಸ್ಕೆ ಸೀಮೆಸುಣ್ಣ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದಾಳೆ.
ನಾನೇ ಹೋಗಿ ಗೀಟು ಎಳೆಸುತ್ತೇನೆ, ನಟ್ಟನಡುವೆ:
ತೊಟ್ಟಿ ನಮ್ಮದು, ಕನ್ನಡಿ ಅವರದು.
“ಅಪ್ಪ ಎಲ್ಲಿ ನಿಂತು ಹಾಡಬೇಕು?” ಅನ್ನುತ್ತಾಳೆ.
ಅಡುಗೆಮನೆಯಲ್ಲಿ ಮರಕ್ಕೆ ನಾಣ್ಯ ಬಿದ್ದ ಸದ್ದು.
ಒಂದೇ ನಾಣ್ಯ.
ಐವತ್ತು ಸೆಂಟಿರಬೇಕು, ಡೌವೆಗೆ ಅಷ್ಟೇ ಧೈರ್ಯ.