ಮೊದಲ ಚುಕ್ಕೆ

ಗ್ರಿಮ್ಸ್‌ಬಿಯ ಸಂಜೆ ಕಾಲೇಜು, ಮೂರನೇ ಮಹಡಿ.
ಹೀಟರ್ ಕೆಟ್ಟಿದೆ. ಮೇಜಿನ ಮೇಲೆ ಎರಡು ರೂಟರು,
ನಡುವೆ ಒಂದು ನೀಲಿ ಕೇಬಲ್ಲು.
ನನ್ನ ಜೋಡಿ ಮಾವಿಸ್ ಟಾಸ್ಕರ್, ಐವತ್ತೆಂಟು,
ಮೀನುಕಟ್ಟೆಯಲ್ಲಿ ಮೂವತ್ತು ವರ್ಷ ಹರಾಜು ಕೂಗಿದವಳು.

'ನಾಲ್ಕು ನಂಬರು ಕೊಟ್ಟು ಎರಡೇ ಬಳಸಿ ಅಂತಾರಲ್ಲ ಮೇಷ್ಟ್ರು,
ಇದ್ಯಾವ ತೂಕ?'
ಮೊದಲನೆಯದು ಬೀದಿಯ ಹೆಸರಿಗೆ, ಕೊನೆಯದು
ಎಲ್ಲರನ್ನೂ ಒಟ್ಟಿಗೆ ಕೂಗೋದಕ್ಕೆ ಅಂದೆ.
'ಹಾಗಾದ್ರೆ ಕೊನೆಯದು ನಾನು.'

ಅವಳ ಕಡೆಗೆ ಒಂದು, ನನ್ನ ಕಡೆಗೆ ಎರಡು.
ವಿಳಾಸ ಬರೆದೆವು. ಮಾಸ್ಕ್ ತಪ್ಪಿತು, ಅಳಿಸಿ ಬರೆದೆವು.
ಆದರೂ ಕದ ಹಾಕಿಯೇ ಇತ್ತು.
ಈ ಯಂತ್ರಕ್ಕೆ 'ತೆರೆ' ಎಂಬ ಮಾತೇ ಗೊತ್ತಿಲ್ಲ;
'ಮುಚ್ಚಬೇಡ' ಅಂದರೆ ಮಾತ್ರ
ಹಸಿರು ದೀಪ ಕಣ್ಣು ಬಿಡುತ್ತೆ.

ಪಿಂಗ್.
ಐದು ಸಲ ಕೂಗಿತು. ಪರದೆಯ ಮೇಲೆ
ಒಂದು ಚುಕ್ಕೆ, ಆಮೇಲೆ ಸಾಲಾಗಿ ನಾಲ್ಕು ಉದ್ಗಾರ.

'ಮೊದಲನೇದು ಎಲ್ಲಿ ಹೋಯ್ತು?'
ಕಳೆದುಹೋಯ್ತು, ಮಾವಿಸ್. ನಂಬರು ಗೊತ್ತಿದ್ದರೂ
ಆಚೆ ಬದಿಯ ಮನೆ ಯಾವುದೆಂದು ವಿಚಾರಿಸುವಷ್ಟರಲ್ಲಿ
ಮೊದಲ ಕೂಗಿನ ಗಡುವು ಮುಗಿದಿರುತ್ತೆ.
ಯಾರ ತಪ್ಪೂ ಅಲ್ಲ.

ಅವಳು ಆ ಚುಕ್ಕೆಯನ್ನೇ ನೋಡುತ್ತಿದ್ದಳು.
ಅಣ್ಣನ ದೋಣಿಯಲ್ಲೂ ಪಿಂಗ್ ಅಂತಿತ್ತಂತೆ
ಕಡಲಿನ ತಳ ಅಳೆಯುವ ಪೆಟ್ಟಿಗೆ.
ಅಷ್ಟೇ ಹೇಳಿ ಕೋಟಿನ ಗುಂಡಿ ಹಾಕಿಕೊಂಡಳು.

ಕೇಬಲ್ ಸುತ್ತಿಡಲು ಹೋದೆ.
'ಇರು,' ಅಂದಳು, 'ಇನ್ನೊಂದ್ಸಲ ಕೂಗಿ ನೋಡ್ತೀನಿ.'

ಈ ಸಲ ಐದಕ್ಕೆ ಐದು.
ಕೊನೆಯ ಬಸ್ಸು ತಪ್ಪಿತು.