ಕಣ್ಣು ನೋಡಿ ತೆಗೊಳ್ಳಿ

ಮೂವತ್ತೊಂದು ವರ್ಷ ಇದೇ ಮಾತು ಹೇಳಿದವಳು ನಾನು,
ಉಡುಪಿ ಮಾರ್ಕೆಟಿನ ಒದ್ದೆ ಕಟ್ಟೆಯ ಮೇಲೆ ಕೂತು:
ಕಣ್ಣು ನೋಡಿ ತೆಗೊಳ್ಳಿ.
ಉಬ್ಬಿ ಹೊಳೆದರೆ ಇವತ್ತಿನ ಬಂಗುಡೆ,
ಕೆಂಪಾಗಿ ಕುಳಿ ಬಿದ್ದರೆ ಮೊನ್ನೆಯದು,
ಮಂಜು ಕಟ್ಟಿದರೆ ಬೆಕ್ಕಿಗೆ.

ಈಗ ನನ್ನದೇ ಎಡಗಣ್ಣು
ಮೊನ್ನೆಯ ಬಂಗುಡೆ.

ಸಕ್ಕರೆ ಕಾಯಿಲೆ ಕಣ್ಣಿನ ಹಿಂದೆ ನೀರು ಬಿಟ್ಟಿದೆಯಂತೆ,
ದೋಣಿಯ ಅಡಿ ಹಲಗೆ ಸದ್ದಿಲ್ಲದೆ ಜಿನುಗುವ ಹಾಗೆ.
ತಿಂಗಳಿಗೊಂದು ಸೂಜಿ, ಮಣಿಪಾಲದ ಗುಡ್ಡೆಯ ಮೇಲೆ.
ಮರಗಟ್ಟಿಸುವ ಹನಿ ಮೂರು ಸಲ,
ಆಮೇಲೆ ಉರಿಯುವ ಕಂದು ಮದ್ದು,
ರೆಪ್ಪೆ ಮುಚ್ಚದ ಹಾಗೆ ಒಂದು ಕ್ಲಿಪ್ಪು.
"ಮೇಲೆ ನೋಡಿ ವಾರಿಜಕ್ಕ, ಫ್ಯಾನಿನ ಕಡೆ."
ನೋಡಿದೆ. ಫ್ಯಾನು ತಿರುಗುತ್ತಿರಲಿಲ್ಲ.
ಚುಚ್ಚಿದ್ದು ಗೊತ್ತಾಗಲಿಲ್ಲ; ಒತ್ತಿದ್ದು ಗೊತ್ತಾಯಿತು.

ನೋವು ಬರುವುದು ಬಸ್ಸಿಳಿದ ಮೇಲೆ.
ಮಲ್ಪೆಯ ಹೊಯ್ಗೆಯಷ್ಟೂ ರೆಪ್ಪೆಯೊಳಗೆ.
ಉಜ್ಜಬಾರದು ಅಂದಿದ್ದಾರೆ;
ಸೆರಗಿನ ತುದಿಯಿಂದ ಬೆರಳು ಬಿಗಿದು ಕೂತೆ,
ಕಳ್ಳ ಕರುವನ್ನು ಕಟ್ಟಿದ ಹಾಗೆ.
ನೋಟದ ತಳದಲ್ಲಿ ಒಂದು ಕಪ್ಪು ಗುಳ್ಳೆ,
ತಲೆ ಆಡಿಸಿದರೆ ಅದೂ ಆಡುತ್ತದೆ.
ಗಂಜಿಯ ಬಟ್ಟಲಲ್ಲಿ ನೊಣ ಎಂದು ಎರಡು ಸಲ ಕೈ ಬೀಸಿದೆ.
ಮೂರನೆಯ ದಿನ ಹೋಯಿತು, ಹೇಳದೆ.

ಹನಿ ಎರಡು ಬಗೆ: ಬಿಳಿ ಮುಚ್ಚಳ, ಹಸಿರು ಮುಚ್ಚಳ.
ನಡುವೆ ಐದು ನಿಮಿಷ ಬಿಡಬೇಕು.
ಐದು ನಿಮಿಷ ಅಂದರೆ ಹನ್ನೆರಡು ಬೂತಾಯಿಯ ತಲೆ ತೆಗೆಯುವಷ್ಟು ಹೊತ್ತು.
ಮನಸ್ಸಿನಲ್ಲೇ ತೆಗೆಯುತ್ತೇನೆ, ಕೈ ತೊಳೆದಾಗಿದೆ.
ಹಸಿರಿನದು ಗಂಟಲಿಗೆ ಇಳಿದು ಕಹಿ, ಚಹಾವೂ ಕಹಿ.
ಕಣ್ಣಿಗೆ ಬಿಟ್ಟದ್ದು ನಾಲಿಗೆಗೆ ಹೋಗುವುದು ಎಂತ ದಾರಿ ಮಾರಾಯ್ರೆ!
ನರ್ಸ್ ಶಾಂಭವಿ ತೋರಿಸಿಕೊಟ್ಟಳು,
ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆ ಒತ್ತಿ ಹಿಡಿದು
ನೂರಿಪ್ಪತ್ತು ಎಣಿಸಬೇಕು.
ತುಳುವಿನಲ್ಲಿ ಎಣಿಸಿದರೆ ಬೇಗ ಮುಗಿಯುತ್ತದೆ.

ಬಿಳಿಯದನ್ನು ತಂಪಿನಲ್ಲಿಡಬೇಕಂತೆ.
ಫ್ರಿಜ್ ಉಂಟಾ, ಕೇಳಿದರು.
ಐಸ್ ಉಂಟು, ಅಂದೆ.
ಡಬ್ಬಿಯೊಳಗೆ ಬಾಟಲಿ, ಡಬ್ಬಿಗೆ ಎರಡು ಪ್ಲಾಸ್ಟಿಕ್,
ಅಂಜಲಿನ ಪಕ್ಕ ಮಲಗಿರುತ್ತದೆ.
ಒಮ್ಮೆ ಗಿರಾಕಿಯ ಚೀಲಕ್ಕೂ ಹೋಗಿತ್ತು, ತೂಕದ ಸಮೇತ.

ಅದರದ್ದೇ ಕೆಲಸವಂತೆ, ಎಡಗಣ್ಣಿನ ರೆಪ್ಪೆಕೂದಲು ಉದ್ದವಾಗಿದೆ.
"ಯಾವ ಕಾಡಿಗೆ?" ಕೇಳಿದಳು ಪಕ್ಕದ ಕಟ್ಟೆಯ ಸುಗಂಧಿ.
ಅರುವತ್ತಕ್ಕೆ ಒಂದು ಕಣ್ಣು ಮದುಮಗಳು,
ಇನ್ನೊಂದು ಅವಳ ಅತ್ತೆ.

ವಾರ ಕೂರಲು ಹೇಳಿದ್ದರು; ನಾಲ್ಕನೆಯ ದಿನ ಬಂದೆ,
ಕಪ್ಪು ಕನ್ನಡಕ ಹಾಕಿಕೊಂಡು.
ಬೆವರಿಗೆ ಅದು ಜಾರಿತು.
ಬಿಳಿಗುಡ್ಡೆಯ ಮೇಲೆ ಹರಡಿದ ರಕ್ತ ಎಲ್ಲರಿಗೂ ಕಂಡಿತು.
ಫೆಲ್ಸಿ ಬಾಯಿ ನನ್ನ ಕಣ್ಣು ನೋಡಿದರು,
ಬಂಗುಡೆಯ ಕಣ್ಣು ನೋಡಿದರು,
ತಿರುಗಿ ನನ್ನದು.
"ಕಿವಿರು ಎತ್ತಿ ತೋರಿಸು" ಎಂದರು.
ಇಪ್ಪತ್ತು ವರ್ಷದ ಗಿರಾಕಿ.
ಎತ್ತಿ ತೋರಿಸಿದೆ. ಮೀನಿನದ್ದು.

ರಾತ್ರಿ ಬಲಗಣ್ಣು ಮುಚ್ಚಿ ಕ್ಯಾಲೆಂಡರ್ ನೋಡುತ್ತೇನೆ.
ಮೊದಲು ತಾರೀಕಿನ ಗೆರೆಗಳು ಅಲೆಯಾಗಿದ್ದವು.
ಈಗ ಸ್ವಲ್ಪ ನೆಟ್ಟಗಾಗಿವೆ,
ಅಥವಾ ನನಗೆ ಹಾಗೆ ಬೇಕಾಗಿದೆ.

ಇವತ್ತು ಆಸ್ಪತ್ರೆಯ ಬೆಂಚಿನಲ್ಲಿ ಒಬ್ಬರು,
ಬಸ್ಸಿನ ಡ್ರೈವರಂತೆ, ಮೊದಲ ಸೂಜಿ,
ಕೈಯ ಚೀಟಿ ಮಡಚಿ ಮಡಚಿ ಬೀಡಿಯಷ್ಟಾಗಿತ್ತು.
"ನೋವುಂಟಾ?"
ಇಲ್ಲ ಅನ್ನಲಿಲ್ಲ ನಾನು.
ರಾತ್ರಿ ಹೊಯ್ಗೆ ಹೊಕ್ಕ ಹಾಗೆ ಆದೀತು, ಉಜ್ಜಬೇಡಿ.
ಗುಳ್ಳೆ ಕಂಡರೆ ಕೈ ಬೀಸಬೇಡಿ.
ಕೆಂಪಾದರೆ ಆಗಲಿ, ಮಾಸುತ್ತದೆ.
ನೋವು ಏರಿ ಕತ್ತಲೆ ಕಟ್ಟಿದರೆ ಮಾತ್ರ
ಬೆಳಗಾಗಲಿ ಅಂತ ಕೂರಬೇಡಿ, ಓಡಿ ಬನ್ನಿ.
ಹೇಳುತ್ತಾ ಅಭ್ಯಾಸಬಲಕ್ಕೆ ಅವರ ಕಣ್ಣೊಳಗೆ ಬಗ್ಗಿ ನೋಡಿದೆ.
ಒಳಗಿಂದ ನನ್ನ ಹೆಸರು ಕರೆದರು.
"ಚೀಲ ಸ್ವಲ್ಪ ನೋಡ್ಕೊಳ್ಳಿ" ಅಂದೆ,
"ಕಾಲು ಕಿಲೋ ನಂಗ್ ಉಂಟು, ಶಾಂಭವಿಗೆ.
ಇವತ್ತಿನದು."